ಎಲ್ ಬೋರ್ಡ್ ಡಾಕ್ಟರು

ಇದನ್ನು ಬರೆಯಬೇಕು ಎಂದುಕೊಂಡು ಎಷ್ಟೋ ಸಲ ಮುಂದೂಡಿದ್ದೇನೆ. ನಿಮ್ಮ ಪತ್ರಿಕೆಯಲ್ಲಿ ಓದುಗರು ಬರೆಯುವ ಅನುಭವಗಳನ್ನು ತಪ್ಪದೆ ಓದುತ್ತೇನೆ. ಯಾರೋ ಅಪರಿಚಿತರು ದಾರಿಯಲ್ಲಿ ಕೈ ಹಿಡಿದದ್ದು, ಕಳೆದುಹೋದ ಚೀಲ ಮರಳಿ ಸಿಕ್ಕಿದ್ದು, ಇಂಥವೇ ಹೆಚ್ಚು. ಅವುಗಳ ನಡುವೆ ನನ್ನದನ್ನು ಎಲ್ಲಿ ಇಡುವುದು ಎಂದು ಸುಮ್ಮನಾಗುತ್ತಿದ್ದೆ. ಈಗ ವಯಸ್ಸು ಎಪ್ಪತ್ತರ ಹತ್ತಿರ ಬಂತು. ಎದೆಯೊಳಗೆ ಒಂದು ಸ್ಟೆಂಟ್ ಇದೆ. ಇನ್ನೂ ಮುಂದೂಡಿದರೆ ಹೇಳುವುದಕ್ಕೇ ಆಗದೆ ಹೋದೀತು.

ನಡೆದದ್ದು ಕೊರೋನಾ ಬರುವುದಕ್ಕೆ ಹಿಂದಿನ ಬೇಸಿಗೆಯಲ್ಲಿ. ಆದರೆ ಅದರ ಬೇರು ನಮ್ಮ ಹೈಸ್ಕೂಲಿನಷ್ಟು ಹಿಂದೆ ಇದೆ.

ಲೋಕಪ್ಪ ಮತ್ತು ನಾನು ಹುಂಚದ ಹತ್ತಿರದ ಒಂದೇ ಹಳ್ಳಿಯವರು. ನಮ್ಮಿಬ್ಬರ ಅಪ್ಪಂದಿರೂ ಗೇಣಿ ಮಾಡುತ್ತಿದ್ದವರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಡಿಕ್ಲರೇಷನ್‌ನಲ್ಲಿ ಇಬ್ಬರಿಗೂ ಗದ್ದೆ ಆಯಿತು. ಹೊಸನಗರದ ಹಾಸ್ಟೆಲಿನಲ್ಲಿ ಇದ್ದುಕೊಂಡು ಓದಿದೆವು, ಕೂರುತ್ತಿದ್ದದ್ದೂ ಒಂದೇ ಬೆಂಚಿನಲ್ಲಿ. ಲೆಕ್ಕದಲ್ಲಿ ನಾನು ಅವನಿಗಿಂತ ಮುಂದೆ. ಎಸ್ಸೆಸ್ಸೆಲ್ಸಿಯಲ್ಲಿಯೂ ನನಗೇ ಹೆಚ್ಚು ಅಂಕ ಬಂತು. ಈ ಒಂದು ಸಂಗತಿಯನ್ನು ಈವರೆಗೆ ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕೇಳದವರಿಗೂ ಹೇಳಿದ್ದೇನೆ.

ಮುಂದೆ ಓದಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ನನಗೇ ಸ್ಟೇರಿಂಗಿನ ಹುಚ್ಚು. ಹೊಸನಗರದಿಂದ ಸಾಗರಕ್ಕೆ ಹೋಗುವ ಬಸ್ಸಿಗೆ ಕ್ಲೀನರ್ ಆಗಿ ಸೇರಿದೆ. ಲೋಕಪ್ಪ ಸಾಗರದಲ್ಲಿ ಪಿಯುಸಿಗೆ ಸೇರಿದ. ಊರಿಗೆ ಬಂದು ಹೋಗುವಾಗ ನಮ್ಮ ಬಸ್ಸಿಗೇ ಹತ್ತುತ್ತಿದ್ದ. ಸೀಟು ಸಿಗದಿದ್ದರೆ ಕಂಬಕ್ಕೆ ಒರಗಿ ನಿಂತೇ ಓದುತ್ತಿದ್ದ. ನಾನು ಬಾಗಿಲಲ್ಲಿ ನೇತಾಡುತ್ತ ‘ರೈಟ್’ ಕೂಗುತ್ತಿದ್ದೆ. ಒಂದು ದಿನ, ಇನ್ನೂ ಎಷ್ಟು ವರ್ಷ ಓದುತ್ತೀಯ ಎಂದು ಕೇಳಿದೆ.

“ನೋಡಣ ಮಾರಾಯ, ಓದಕ್ಕೆ ಬಿಟ್ಟಷ್ಟು ದಿನ” ಎಂದ.

ಆಗ ನನಗೆ ಅವನ ಮೇಲೆ ಕನಿಕರವಿತ್ತು. ನನ್ನ ಜೇಬಿನಲ್ಲಿ ಸಂಬಳವಿತ್ತು, ಮೈಮೇಲೆ ಖಾಕಿ ಅಂಗಿ ಇತ್ತು. ನನ್ನ ಮದುವೆಗೆ ಬಂದಾಗ ಅವನು ವಿದ್ಯಾರ್ಥಿ. ನನ್ನ ಮಗಳು ಶಾಲೆಗೆ ಸೇರಿದಾಗಲೂ ವಿದ್ಯಾರ್ಥಿ. ಇವನ ಓದು ಮುಗಿಯುವ ಹೊತ್ತಿಗೆ ನಿವೃತ್ತಿ ಆಗ್ತದೆ ಎಂದು ನಾನು ಊರಲ್ಲಿ ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

ನಗು ಯಾವಾಗ ನಿಂತಿತು ಎಂದರೆ, ಅವನ ಹೆಸರಿನ ಹಿಂದೆ ಅಕ್ಷರಗಳು ಸೇರತೊಡಗಿದಾಗ. ಎಂಬಿಬಿಎಸ್, ಆಮೇಲೆ ಎಂಡಿ, ಆಮೇಲೆ ಡಿಎಂ. ಲೋಕಪ್ಪ ಹೋಗಿ ಡಾಕ್ಟರ್ ಲೋಕೇಶ್ ಆದ. ಎದೆ ಕೊಯ್ಯದೆಯೇ, ಕೈಯ ನಾಡಿಯಿಂದ ಕೂದಲಿನಂಥ ತಂತಿ ಬಿಟ್ಟು ಹೃದಯದ ಕಟ್ಟಿದ ರಕ್ತನಾಳ ಬಿಡಿಸುತ್ತಾನಂತೆ ಎಂದು ಜನ ಮಾತಾಡಿಕೊಳ್ಳತೊಡಗಿದರು. ದೂರದ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆದ. ವಿದೇಶಕ್ಕೆ ಹೋಗಿ ಭಾಷಣ ಮಾಡಿ ಬಂದ. ಹಬ್ಬಕ್ಕೆ ಊರಿಗೆ ಬಂದರೆ ಅವನ ಮನೆ ಅಂಗಳದಲ್ಲಿ ಇಸಿಜಿ ಹಿಡಿದ ಜನರ ಸಾಲು. ‘ಲೋಕಪ್ಪನ ಕೈಗುಣ’ ಎಂಬ ಮಾತು ಕೇಳಿದಾಗಲೆಲ್ಲ ನಾನು ನನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ನಾನು ಬಸ್ಸು ಓಡಿಸಿ, ಕೆಲವು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿ, ತೀರ್ಥಹಳ್ಳಿಯಲ್ಲಿ ಸ್ವಂತ ವ್ಯಾನ್ ಇಟ್ಟುಕೊಂಡಿದ್ದೆ. ಆಗುಂಬೆ ಘಾಟಿಯಲ್ಲಿ ನನ್ನಷ್ಟು ನಯವಾಗಿ ಗಾಡಿ ತಿರುಗಿಸುವವರು ಸ್ಟ್ಯಾಂಡಿನಲ್ಲಿ ಇನ್ನೊಬ್ಬರಿರಲಿಲ್ಲ. ಅದನ್ನು ಯಾರೂ ಕೈಗುಣ ಎನ್ನಲಿಲ್ಲ.

ಕೊನೆಗೆ ಅವನು ಶಿವಮೊಗ್ಗಕ್ಕೇ ಬಂದ. ಅಲ್ಲಿನ ಒಂದು ಕಾಲೇಜು ಆಸ್ಪತ್ರೆಯಲ್ಲಿ ಹೃದಯದ ವಿಭಾಗ ಶುರು ಮಾಡಿದ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು ಕರೆದರೂ ಹೋಗಲಿಲ್ಲವಂತೆ, ಪಾಠ ಮಾಡದೆ ಇರಲು ತನ್ನಿಂದ ಆಗುವುದಿಲ್ಲ ಎಂದನಂತೆ. ಇದು ನನಗೆ ಇನ್ನೂ ಕಷ್ಟವಾಯಿತು. ದುಡ್ಡಿನ ಹಿಂದೆ ಹೋಗಿದ್ದರೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು.

ಆ ಕಾರಣವನ್ನು ನಾನು ಸಾಗರದಲ್ಲಿ ಹುಡುಕಿಕೊಂಡೆ.

ಸಾಗರದಲ್ಲಿ ಅವನು ಹೃದಯ ತಪಾಸಣೆಯ ಶಿಬಿರ ಇಟ್ಟಿದ್ದ. ತೀರ್ಥಹಳ್ಳಿಯಿಂದ ಕೆಲವರನ್ನು ನನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ಅವನ ಜೊತೆ, ಅವನ ಕೈಯಲ್ಲಿ ಕಲಿಯುತ್ತಿದ್ದ ಎಳೆಯ ಡಾಕ್ಟರುಗಳು ಬಂದಿದ್ದರು. ಮೊದಲು ಅವರು ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಏನು ಕೇಳಿತು ಎಂದು ಹೇಳಬೇಕು. ಆಮೇಲೆ ಇವನು ಅದೇ ಜಾಗದಲ್ಲಿ ಇಟ್ಟು ಕೇಳಿ, ಹೌದು ಅಥವಾ ಅಲ್ಲ ಎನ್ನುವನು. ಬಾಗಿಲ ಬಳಿ ನಿಂತಿದ್ದ ನನ್ನನ್ನು ಅವನು ನೋಡಿದ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಆ ಹುಡುಗರಿಗೆಲ್ಲ ಹೇಳಿದ, “ಇವ ಚೌಡಪ್ಪ, ನನ್ನ ಬೆಂಚ್‌ಮೇಟ್. ಲೆಕ್ಕದಲ್ಲಿ ನನಗಿಂತ ಭಾಳ ಮುಂದೆ ಇದ್ದ.”

ಅವರು ನನ್ನ ಖಾಕಿ ಅಂಗಿ ನೋಡಿ ಮುಗುಳ್ನಕ್ಕರು. ಕೆಟ್ಟ ನಗುವಲ್ಲ. ಆದರೆ ಇಷ್ಟು ವರ್ಷ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಮಾತನ್ನು ಅವನು ಒಂದು ಕ್ಷಣದಲ್ಲಿ, ದಾನ ಕೊಟ್ಟಹಾಗೆ ಕೊಟ್ಟುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಒಬ್ಬ ಅಜ್ಜ, ಆ ಮೀಸೆ ಬಾರದ ಹುಡುಗ ನನ್ನ ಎದೆ ಯಾಕೆ ನೋಡಿದ ಎಂದು ಕೇಳಿದರು. ನಾನು ಕನ್ನಡಿಯಲ್ಲಿ ಅವರ ಮುಖ ನೋಡುತ್ತ ಹೇಳಿದೆ, “ಅವ್ರೆಲ್ಲ ಎಲ್ ಬೋರ್ಡು ಅಜ್ಜ. ನಿಮ್ಮ ಎದೆ ಮೇಲೆ ಗಾಡಿ ಕಲೀತಾರೆ.”

ವ್ಯಾನೆಲ್ಲ ನಕ್ಕಿತು. ಆ ನಗು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮರುದಿನ ಸ್ಟ್ಯಾಂಡಿನಲ್ಲಿ ಅದನ್ನೇ ಹೇಳಿದೆ. ಅಲ್ಲಿಂದ ಆ ಆಸ್ಪತ್ರೆ ಎಲ್ ಬೋರ್ಡ್ ಆಸ್ಪತ್ರೆ ಆಯಿತು, ಲೋಕಪ್ಪ ಎಲ್ ಬೋರ್ಡ್ ಡಾಕ್ಟರು ಆದ. ಸ್ವಲ್ಪ ಕಾಲದ ನಂತರ ಹೊಸನಗರದ ಹೋಟೆಲಿನಲ್ಲಿ ಯಾರೋ ಅಪರಿಚಿತರು ಅದೇ ಮಾತನ್ನು ಹೊಸ ಜೋಕು ಎಂದು ನನಗೇ ಹೇಳಿದರು. ನಾನು ಮೊದಲ ಸಲ ಕೇಳಿದವನ ಹಾಗೆ ನಕ್ಕೆ.

ನಾನೇ ಎಷ್ಟೋ ಹುಡುಗರಿಗೆ ಗಾಡಿ ಕಲಿಸಿದವನು. ಕಲಿಯುವವನ ಕೈ ಸ್ಟೇರಿಂಗಿನ ಮೇಲಿದ್ದರೂ ಕಲಿಸುವವನ ಕಾಲು ಇನ್ನೊಂದು ಬ್ರೇಕಿನ ಮೇಲಿರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಹೇಳಿದೆ.

ಇನ್ನು ಆ ಬೇಸಿಗೆಯ ವಿಷಯ. ನಮ್ಮ ಕಡೆ ಯಾರಿಗಾದರೂ ಜೋರು ಕಾಯಿಲೆಯಾದರೆ ಯಾವ ಆಸ್ಪತ್ರೆ ಎಂದು ಜನ ಕೇಳುವುದು ಗಾಡಿಯವನನ್ನೇ. ದಿನಾ ಹೋಗಿ ಬರುವವನು, ಅವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಆ ನಂಬಿಕೆಯ ಮೇಲೆಯೇ ನಮ್ಮ ಬಾಡಿಗೆ ನಡೆಯುವುದು.

ಒಂದು ಬೆಳಿಗ್ಗೆ ತೀರ್ಥಹಳ್ಳಿಯ ಆಸ್ಪತ್ರೆಯಿಂದ ಕರೆ ಬಂತು. ಹುಂಚದ ಬಸ್ ನಿಲ್ದಾಣದ ಎದುರು ಚಹಾದ ಹೋಟೆಲ್ ಇಟ್ಟಿದ್ದ ಗಂಡ ಹೆಂಡತಿ. ಗಂಡನಿಗೆ ಎದೆನೋವು. ನನಗೆ ಇಬ್ಬರದೂ ಮುಖಪರಿಚಯ. ಹುಂಚದ ಜೈನ ಮಠಕ್ಕೆ ಬರುವ ಯಾತ್ರಿಕರನ್ನು ಇಳಿಸಿ ಅಲ್ಲೇ ಚಹಾ ಕುಡಿಯುತ್ತಿದ್ದೆ. ಆಸ್ಪತ್ರೆಯ ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಅಲ್ಲಿನ ಎಳೆಯ ಡಾಕ್ಟರು ಇಸಿಜಿ ತೆಗೆದು, ಕೊಡಬೇಕಾದ ಮಾತ್ರೆ ಕೊಟ್ಟು, ಇಸಿಜಿಯ ಫೋಟೋವನ್ನೂ ಹೆಂಡತಿಯ ಫೋನ್ ನಂಬರನ್ನೂ ಶಿವಮೊಗ್ಗಕ್ಕೆ ಕಳಿಸಿದ್ದರು. ನನ್ನ ಕಡೆ ತಿರುಗಿ, “ಸೀದಾ ಶಿವಮೊಗ್ಗಕ್ಕೆ ಹೋಗಿ. ಲೋಕೇಶ್ ಸರ್ ಕಾಯ್ತಾ ಇದಾರೆ” ಎಂದರು. ಆ ಡಾಕ್ಟರೂ ಲೋಕಪ್ಪನ ಶಿಷ್ಯರೇ. ‘ಸರ್’ ಎನ್ನುವಾಗ ಅವರ ದನಿಯಲ್ಲಿದ್ದ ಗೌರವ ನನಗೆ ಕೇಳಿಸಿತು. ಹಾಗೆ ಕೇಳಿಸಬಾರದಿತ್ತು.

ಗಂಡ ತಾನೇ ನಡೆದು ಬಂದು ವ್ಯಾನಿನಲ್ಲಿ ಕೂತ. ಬೆವರು ಒರೆಸಿಕೊಳ್ಳುತ್ತ, ನಿಮಗೆ ತೊಂದರೆ ಕೊಟ್ಟೆ ಎಂದ. ಹೆಂಡತಿ ಬಾಗಿಲು ಹಾಕುವ ಮೊದಲು ಮೆಲ್ಲಗೆ ಕೇಳಿದಳು, “ಅಣ್ಣಾ, ನೀವು ದಿನಾ ಹೋಗ್ತೀರಲ. ಅಲ್ಲಿ ಚೆನ್ನಾಗ್ ನೋಡ್ತಾರಾ? ಕಲಿಯೋ ಹುಡುಗ್ರು ಮಾಡ್ತಾರಂತೆ, ಹೌದಾ?”

ನನ್ನ ಮಾತೇ ಸುತ್ತಿಕೊಂಡು ನನ್ನ ಹತ್ತಿರ ಬಂದಿತ್ತು. ಅಲ್ಲ ಎಂದಿದ್ದರೆ ಸಾಕಿತ್ತು.

“ಹೌದು. ಅದು ಎಲ್ ಬೋರ್ಡ್ ಆಸ್ಪತ್ರೆ” ಎಂದೆ. “ನಮ್ಮನೆಯವ್ರಾಗಿದ್ರೆ ನಾನು ಘಟ್ಟದ ಕೆಳಗೆ ಕರ್ಕಂಡು ಹೋಗ್ತಿದ್ದೆ.”

ಅವಳು ಗಂಡನ ಮುಖ ನೋಡಿದಳು. ಅವನು, “ಅಣ್ಣ ಹೇಳಿದಂಗೆ ಮಾಡು” ಎಂದ.

ಆಸ್ಪತ್ರೆಯಿಂದ ಹೊರಟರೆ ಒಂದು ಕಡೆ ಶಿವಮೊಗ್ಗದ ರಸ್ತೆ. ಮಂಡಗದ್ದೆಯ ಮೇಲೆ ಸಲೀಸಾದ ದಾರಿ. ಇನ್ನೊಂದು ಕಡೆ ಆಗುಂಬೆ, ಘಾಟಿ, ಅದರಾಚೆ ಕರಾವಳಿ. ನಾನು ಆಗುಂಬೆಯ ಕಡೆ ತಿರುಗಿಸಿದೆ. ಘಟ್ಟದ ಕೆಳಗೆ, ಕರಾವಳಿಯಲ್ಲಿರುವ ದೊಡ್ಡ ಆಸ್ಪತ್ರೆ ಒಳ್ಳೆಯದೇ, ಸಂಶಯವಿಲ್ಲ. ಆದರೆ ದೂರ. ಆಗ ನನ್ನ ತಲೆಯಲ್ಲಿ ಆ ಮನುಷ್ಯನ ಎದೆ ಇರಲಿಲ್ಲ. ಕಾಯುತ್ತ ನಿಂತಿರುವ ಲೋಕಪ್ಪನ ಮುಖವಿತ್ತು. ಕಾಯಲಿ ಎನಿಸಿತು.

ಮೇಗರವಳ್ಳಿ ದಾಟುವಾಗ ಅವಳ ಫೋನ್ ಹೊಡೆದುಕೊಂಡಿತು. ಅವಳು ಗಾಬರಿಯಲ್ಲಿ ನನ್ನ ಕೈಗೆ ಕೊಟ್ಟಳು. ಗಾಡಿ ಪಕ್ಕಕ್ಕೆ ಹಾಕಿ ಕಿವಿಗಿಟ್ಟೆ. ಲೋಕಪ್ಪನ ದನಿ. “ಎಲ್ಲಿಗೆ ಬಂದ್ರಿ? ಹೆದರ್ಬೇಡಿ, ಇಲ್ಲಿ ಎಲ್ಲ ತಯಾರಿದೆ” ಎನ್ನುತ್ತಿದ್ದ. ನಾನು ಉಸಿರು ಬಿಡಲಿಲ್ಲ. ಫೋನ್ ಅವಳಿಗೆ ವಾಪಸು ಕೊಟ್ಟು, ಸಿಗ್ನಲ್ ಇಲ್ಲ ಎಂದೆ. ಆಗುಂಬೆ ಸಮೀಪಿಸಿದಂತೆ ನಿಜವಾಗಿಯೂ ಸಿಗ್ನಲ್ ಹೋಯಿತು.

ಘಾಟಿಯ ಒಂದು ತಿರುವಿನಲ್ಲಿ ಬಸ್ಸೂ ಟೆಂಪೋ ಟ್ರಾವೆಲರೂ ಎದುರುಬದುರಾಗಿ ಸಿಕ್ಕಿಕೊಂಡಿದ್ದವು. ಮುಂದೆ ಹೋಗಲಾಗದು, ಹಿಂದೆಯೂ ಸಾಲು. ಘಾಟಿ ನೋಡಲು ಬಂದಿದ್ದ ಪ್ರವಾಸಿಗರು ಇಳಿದು ಮಂಗಗಳಿಗೆ ಬಾಳೆಹಣ್ಣು ಎಸೆಯುತ್ತಿದ್ದರು. ನಾನು ಇಳಿದು ಕೂಗಾಡಿದೆ, ಕೈಮುಗಿದೆ, ಬಸ್ಸಿನ ಚಾಲಕನಿಗೆ ಹಿಂದೆ ಬರಲು ನಾನೇ ದಾರಿ ತೋರಿಸಿದೆ. ಅಷ್ಟು ಹೊತ್ತೂ ವ್ಯಾನಿನಲ್ಲಿ ಗಂಡ ಕಣ್ಣು ಮುಚ್ಚಿ ಕೂತಿದ್ದ. ಅವಳು ಟವೆಲಿನಿಂದ ಗಾಳಿ ಹಾಕುತ್ತಿದ್ದಳು. ನನ್ನ ನಯವಾದ ಕೈಯಿಂದ ಅವತ್ತು ಏನೂ ಮಾಡಲಾಗಲಿಲ್ಲ.

ಕೆಳಗಿನ ಆಸ್ಪತ್ರೆಯವರು ಕೂಡಲೇ ಒಳಗೆ ಕರೆದುಕೊಂಡು ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಹೊರಗೆ ಬಂದ ಡಾಕ್ಟರು, ಹೃದಯದ ದೊಡ್ಡ ಭಾಗ ಸತ್ತುಹೋಗಿದೆ, ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಅವಳು ಅಲ್ಲೇ ಗೋಡೆಗೆ ಒರಗಿ ನಿಂತು, “ನಾನೇ ತಪ್ಪು ಮಾಡಿದೆ ಅಣ್ಣಾ” ಎಂದು ಅತ್ತಳು. “ಬೆಳಿಗ್ಗೆ ನೋವು ಅಂದಾಗ ಗ್ಯಾಸು ಅಂತ ಜೀರಿಗೆ ಕಷಾಯ ಕೊಟ್ಟು ಕೂರಿಸಿದೆ.”

ನಾನು ಅಲ್ಲ ಎನ್ನಲಿಲ್ಲ. ಸಮಾಧಾನ ಮಾಡಿಕೊಳ್ಳಿ ಎಂದೆ.

ಅವನು ಮತ್ತೆ ಹೋಟೆಲಿನ ಒಲೆ ಮುಂದೆ ನಿಲ್ಲಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಸ್ಸುಗಳನ್ನು ನೋಡುತ್ತಿದ್ದ. ಕೊರೋನಾದಲ್ಲಿ ಹೋಟೆಲ್ ಮುಚ್ಚಿತ್ತು. ಮತ್ತೆ ತೆಗೆಯುವ ಹೊತ್ತಿಗೆ ಕುರ್ಚಿ ಖಾಲಿಯಾಗಿತ್ತು. ಈಗ ಅವಳೊಬ್ಬಳೇ ನಡೆಸುತ್ತಾಳೆ. ನಾನು ಹೋದರೆ ಚಹಾಕ್ಕೆ ಕಾಸು ಮುಟ್ಟುವುದಿಲ್ಲ. ಬನ್ ಕಟ್ಟಿಕೊಡುತ್ತಾಳೆ. ಕೂತ ಗಿರಾಕಿಗಳಿಗೆ, ಈ ಅಣ್ಣ ಸರಿಯಾದ ಆಸ್ಪತ್ರೆಗೆ ಕರ್ಕಂಡು ಹೋಗದಿದ್ರೆ ಅವ್ರು ಅವತ್ತೇ ಹೋಗ್ತಿದ್ರು ಎನ್ನುತ್ತಾಳೆ. ಅದರ ಹಿಂದೆಯೇ ಕಷಾಯದ ಮಾತು ತಪ್ಪದೆ ಬರುತ್ತದೆ. ಯಾರಿಗಾದರೂ ಎದೆನೋವು ಎಂದು ಕೇಳಿದರೆ ಸಾಕು, ನನ್ನಂಗೆ ಕಷಾಯ ಕೊಟ್ಟು ಕೂರಿಸಬೇಡಿ ಎನ್ನುತ್ತಾಳೆ. ನಾನು ಬನ್ನಿನ ಪೊಟ್ಟಣ ಹಿಡಿದು ಎದ್ದುಬರುತ್ತೇನೆ.

ಎರಡು ವರ್ಷದ ಹಿಂದೆ ನನ್ನದೇ ಎದೆ ಹಿಡಿಯಿತು. ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಗಾಡಿ ಒರೆಸುತ್ತಿದ್ದೆ. ನನ್ನ ಕೈಯಲ್ಲೇ ಗಾಡಿ ಕಲಿತ ಒಬ್ಬ ನನ್ನನ್ನು ಎತ್ತಿ ಕೂರಿಸಿ, ದಾರಿಯಲ್ಲಿ ಇಸಿಜಿ ಮಾಡಿಸಿ, ಒಂದು ಮಾತೂ ಕೇಳದೆ ಶಿವಮೊಗ್ಗಕ್ಕೆ ಹೊಡೆದ. ಎಲ್ ಬೋರ್ಡಾದರೂ ಆಗಲಿ, ಹತ್ತಿರ ಅದೇ ಅಲ್ಲವಾ ಎಂದ. ನಾನು ಕಣ್ಣು ಮುಚ್ಚಿಕೊಂಡೆ.

ಆ ಕೋಣೆಯಲ್ಲಿ ಎಚ್ಚರವಿದ್ದಂತೆಯೇ ಮಾಡುತ್ತಾರೆ. ಮಣಿಕಟ್ಟಿಗೆ ಚುಚ್ಚಿ ಮರಗಟ್ಟಿಸಿದರು. ಕೈ ಹಾಕಿದ್ದು ಒಬ್ಬ ಎಳೆಯ ಡಾಕ್ಟರು. ಅವನ ಕೈಗೆ ತಾಗಿಕೊಂಡು ಇನ್ನೊಂದು ಕೈ ಇತ್ತು. ಕೂದಲು ಬೆಳ್ಳಗಾದ ಲೋಕಪ್ಪ. ಶಿಷ್ಯನಿಗೆ ಮೆಲ್ಲಗೆ ಹೇಳುತ್ತಿದ್ದ, ಒತ್ತಬೇಡ, ತಡೆದರೆ ನಿಲ್ಲು, ದಾರಿ ನೋಡಿಕೋ, ಆಮೇಲೆ ಮುಂದೆ. ತಿರುವಿನಲ್ಲಿ ಗಾಡಿ ಕಲಿಸುವಾಗ ನಾನು ಹೇಳುತ್ತಿದ್ದ ಮಾತುಗಳು ಹೆಚ್ಚೂಕಡಿಮೆ ಅವೇ. ಒಂದು ಸಲ ಶಿಷ್ಯನ ಕೈ ತಡೆಯಿತು. ಲೋಕಪ್ಪ ಅವನನ್ನು ಸರಿಸಲಿಲ್ಲ, ಬೈಯಲಿಲ್ಲ. ತನ್ನ ಬೆರಳನ್ನು ಅವನ ಬೆರಳ ಮೇಲೆ ಇಟ್ಟ, ಅಷ್ಟೇ. ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ.

“ಎಲ್ ಬೋರ್ಡ್ ಅಂತ ಹೆದರ್ಬೇಡ ಚೌಡ. ಬ್ರೇಕು ನನ್ನ ಕಾಲಡಿ ಐತೆ.”

ಅಲ್ಲಿದ್ದವರೆಲ್ಲ ನಕ್ಕರು. ಅವರಿಗೆ ಅದು ಹಳೆಯ ಮಾತು. ಅವನು ಅದನ್ನು ಪಾಠದಲ್ಲೇ ಸೇರಿಸಿಕೊಂಡುಬಿಟ್ಟಿದ್ದ, ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳುತ್ತಾನಂತೆ. ಜೀವ ಹೋಗುವ ಹೊತ್ತಿನಲ್ಲೂ ನನಗೆ ಅಸೂಯೆಯಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ನನ್ನದು ಎಂದು ಇದ್ದದ್ದು ಒಂದೇ ಒಂದು ಮಾತು. ಅದನ್ನೂ ಅವನು ನನಗಿಂತ ಚೆನ್ನಾಗಿ ಬಳಸಿಕೊಂಡಿದ್ದ.

ಬಿಡುಗಡೆಯ ಹಿಂದಿನ ದಿನ ಅವನು ನನ್ನನ್ನು ತನ್ನ ಕೋಣೆಗೆ ಕರೆಸಿಕೊಂಡ. ಗೋಡೆಯ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ದೊಡ್ಡ ನಕ್ಷೆ ಇತ್ತು. ನಮ್ಮ ಕಡೆಯ ಜನ ಎದೆನೋವು ಬಂದ ಮೇಲೆ ಆಸ್ಪತ್ರೆ ಮುಟ್ಟುವುದು ಯಾಕೆ ತಡವಾಗುತ್ತದೆ ಎಂದು ಅವನೂ ಅವನ ಶಿಷ್ಯರೂ ಬಹಳ ಕಾಲದಿಂದ ಅಧ್ಯಯನ ಮಾಡುತ್ತಿದ್ದರಂತೆ. ಹಾಳು ರಸ್ತೆ, ಬಸ್ಸಿಲ್ಲದ ಊರು, ಹಿನ್ನೀರು ದಾಟಲು ಕಾಯಬೇಕಾದ ಲಾಂಚು, ಗ್ಯಾಸ್ ಎಂದು ಮನೆಯಲ್ಲೇ ಕೂರುವುದು, ಎಲ್ಲವನ್ನೂ ಬೆರಳಿಟ್ಟು ವಿವರಿಸಿದ. ಆ ನಕ್ಷೆಯಲ್ಲಿ ನಾನು ಮಾತ್ರ ಇರಲಿಲ್ಲ.

ಆಗ ಹೇಳಿದೆ. ಎಲ್ ಬೋರ್ಡ್ ಎಂದು ಮೊದಲು ಅಂದದ್ದು ನಾನು ಎಂದೆ.

“ಗೊತ್ತು ಮಾರಾಯ. ನಿನ್ನ ವ್ಯಾನಲ್ಲಿ ಬಂದವ್ರೇ ಹೇಳಿದ್ರು” ಎಂದು ನಕ್ಕ. “ಲೆಕ್ಕದ ತಲೆ, ಅದಕ್ಕೇ ಸರಿಯಾಗಿ ಹೊಂದಿಸಿದೀಯ.”

ಅವನ ನಗು ನಿಲ್ಲುವ ಮೊದಲೇ ಹುಂಚದವರ ವಿಷಯವನ್ನೂ ಹೇಳಿಬಿಟ್ಟೆ. ಫೋನು ಹಿಡಿದು ಸುಮ್ಮನಿದ್ದದ್ದನ್ನೂ ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಾನು ಕೈ ಮುಗಿದು, ತಪ್ಪಾಯಿತು ಎಂದೆ.

“ಅವತ್ತು ಟೇಬಲ್ ಖಾಲಿ ಇಟ್ಕಂಡು ಕಾಯ್ತಾ ಇದ್ವಿ” ಎಂದ. ಕನ್ನಡಕ ಮತ್ತೆ ಹಾಕಿಕೊಂಡು, “ಅದನ್ನ ನನಗೆ ಹೇಳಿದ್ರೆ ಎಂತಾ ಬಂತು ಚೌಡ? ಕೇಳ್ಬೇಕಾದವರು ಬೇರೆ ಇದಾರಲ” ಎಂದ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ಅವನು ಮೂರೂ ತಾಲ್ಲೂಕಿನ ಗಾಡಿಯವರ ಸಭೆ ಕರೆದ. ನೀನೇ ಮಾತಾಡು, ನಿನ್ನ ಮಾತು ಅವರು ಕೇಳುತ್ತಾರೆ ಎಂದ. ಮಾತಾಡಿದೆ. ಎದೆನೋವಿನವರನ್ನು ಡಾಕ್ಟರು ಹೇಳಿದ ಕಡೆಗೇ ಒಯ್ಯಬೇಕು, ಆಸ್ಪತ್ರೆ ಆರಿಸುವುದು ನಮ್ಮ ಕೆಲಸವಲ್ಲ ಎಂದೆ. ಆ ಬೇಸಿಗೆಯ ಕಥೆಯನ್ನೂ ಹೇಳಿದೆ, ಆದರೆ ‘ಒಬ್ಬ ಡ್ರೈವರ್’ ಎಂದು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಲೋಕಪ್ಪ ತಟ್ಟಲಿಲ್ಲ.

ಈಚೆಗೆ ಅವನು ನಿವೃತ್ತನಾದ. ಅವನ ಕೈಯಲ್ಲಿ ಕಲಿತವರು ಎಲ್ಲೆಲ್ಲಿಂದಲೋ ಬಂದಿದ್ದರು. ಅವರನ್ನು ನೋಡುತ್ತ, ನಾನು ಕಲಿಸಿದವರೂ ಎಷ್ಟೋ ಜನ ಇದ್ದಾರಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅಸೂಯೆ ಪೂರ್ತಿ ಹೋಗಿಲ್ಲ ಎಂದು ಆಗ ತಿಳಿಯಿತು. ಅದರ ಜೊತೆಗೇ ಸಾಯುತ್ತೇನೇನೋ. ಆದರೆ ಇನ್ನೊಂದನ್ನು ಹೊತ್ತು ಸಾಯಬಾರದು.

ಶಿವಮೊಗ್ಗದಿಂದ ಬಂದ ಮೇಲೆ ಹೇಳಿಬಿಡಬೇಕು ಎಂದು ಹುಂಚಕ್ಕೆ ಹೋಗಿದ್ದೆ. ನನಗೂ ಹೃದಯದ ಕಾಯಿಲೆ ಎಂದು ತಿಳಿದು ಅವಳು ಸಕ್ಕರೆ ಕಡಿಮೆ ಹಾಕಿ ಚಹಾ ಕೊಟ್ಟಳು. ನೋವು ಬಂದ ಕೂಡಲೇ ಹೋದಿರಲ್ಲ, ಒಳ್ಳೇದಾಯಿತು, ನನ್ನ ನೋಡಿ, ಕಷಾಯ ಕೊಟ್ಟು ಕೂರಿಸಿದೆ ಎಂದಳು. ಚಹಾ ಕುಡಿದು ಎದ್ದುಬಂದೆ. ಆಮೇಲೂ ಹೋಗಿದ್ದೇನೆ, ಹಾಗೆಯೇ ಬಂದಿದ್ದೇನೆ.

ಅವಳ ಹೋಟೆಲಿನ ಬೆಂಚಿನ ಮೇಲೆ ಗಿರಾಕಿಗಳಿಗೆಂದು ನಿಮ್ಮ ಪತ್ರಿಕೆ ಇಟ್ಟಿರುತ್ತಾಳೆ. ಮಧ್ಯಾಹ್ನ ಬಸ್ಸಿಲ್ಲದ ಹೊತ್ತಿನಲ್ಲಿ ತಾನೂ ಓದುತ್ತಾಳೆ, ಈ ಪುಟವನ್ನೇ ಮೊದಲು ತೆರೆಯುತ್ತಾಳೆ. ಎದುರು ನಿಂತು ಹೇಳಲಾರದವನು ಹೀಗೆ ಹೇಳುವುದು ಹೇಡಿತನವೇ. ಇನ್ನು ಮುಂದಿನದು ಅವಳಿಗೆ. ಪತ್ರಿಕೆ ಬಂದ ದಿನ ನಾನು ಹುಂಚಕ್ಕೆ ಬರುತ್ತೇನೆ, ಎದುರಿನ ನಿಲ್ದಾಣದಲ್ಲಿ ಕೂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು. ಕಷಾಯದಿಂದ ಏನೂ ಆಗಲಿಲ್ಲ. ನೀವು ಸರಿಯಾದ ಹೊತ್ತಿಗೇ ಅವರನ್ನು ತೀರ್ಥಹಳ್ಳಿಗೆ ಕರೆತಂದಿದ್ದಿರಿ. ದಾರಿ ತಪ್ಪಿಸಿದ್ದು ನಾನು, ಜಲಜಕ್ಕ.